ಕೊಪಕಬಾನಾದಲ್ಲಿ ಮನೆ ಮಾಡುವವರಿಗೆ: ಹೊಸಬರ ಮಾರ್ಗದರ್ಶಿ

ಬ್ರೆಜಿಲ್‌ನ ರಿಯೊ ಡಿ ಜನೈರೊಗೆ ಬರುವ ನಮ್ಮವರು ಮೊದಲು ಕೇಳುವುದು ಕಡಲ ದಂಡೆಯ ಬಡಾವಣೆ ಕೊಪಕಬಾನಾದ ಮನೆಯನ್ನೇ. ತಪ್ಪೇನಿಲ್ಲ. ಮೂರು ಮೆಟ್ರೊ ನಿಲ್ದಾಣಗಳಿವೆ, ಹೆಜ್ಜೆಗೊಂದು ಔಷಧಿ ಅಂಗಡಿ ಇದೆ, ಕಾರು ಬೇಕಾಗುವುದಿಲ್ಲ. ಗಲಾಟೆಯೂ ಜಾಸ್ತಿ. ಅದು ಆಗದವರು ಒಳಗಿನ ಬೈಹೊ ಪೇಶೊಟೊ ಕಡೆ ನೋಡಿ.

ಹೆಸರು, ಸಿಪಿಎಫ್

ಸಿಪಿಎಫ್ ಅಂದರೆ ಇಲ್ಲಿನ 11 ಅಂಕಿಯ ತೆರಿಗೆ ಗುರುತಿನ ಸಂಖ್ಯೆ. ಅದಿಲ್ಲದೆ ಬ್ಯಾಂಕೂ ಇಲ್ಲ, ಬಾಡಿಗೆ ಮನೆಯೂ ಇಲ್ಲ. ಊರಿನಿಂದ ಹೊರಡುವ ಮೊದಲೇ ಬ್ರೆಜಿಲ್ ದೂತಾವಾಸದ ಮೂಲಕ ಮಾಡಿಸಿಕೊಳ್ಳಿ. ತೊಂದರೆ ಬರುವುದು ನಮ್ಮ ಇನಿಷಿಯಲ್‌ಗಳಿಂದ. ಎಚ್. ಅಂದರೆ ಹಾಸನ, ಎಸ್. ಅಂದರೆ ಅಪ್ಪನ ಹೆಸರು ಅಂತ ಕೌಂಟರಿನಲ್ಲಿ ವಿವರಿಸಿ ಪ್ರಯೋಜನವಿಲ್ಲ. ಇಲ್ಲಿ ಎಲ್ಲೆಲ್ಲೂ ತಾಯಿಯ ಪೂರ್ತಿ ಹೆಸರು ಬೇಕು. ಪಾಸ್‌ಪೋರ್ಟಿನಲ್ಲಿ ಲಕ್ಷ್ಮಿ, ಜನನ ಪತ್ರದಲ್ಲಿ ಲಕ್ಷ್ಮಮ್ಮ ಅಂತಿದ್ದರೆ ನಿಮಗೆ ಇಬ್ಬರು ತಾಯಂದಿರು ಅಂದುಕೊಳ್ಳುತ್ತಾರೆ! ಎಲ್ಲ ಕಾಗದಗಳನ್ನೂ ಊರಿನಲ್ಲೇ ಒಂದೇ ಥರ ಸರಿಮಾಡಿಸಿ, ಅಪಾಸ್ಟಿಲ್ (ಹೊರದೇಶದಲ್ಲಿ ಕಾಗದ ಒಪ್ಪಿಕೊಳ್ಳಲು ಬೇಕಾದ ಸರ್ಕಾರಿ ದೃಢೀಕರಣ) ಹಾಕಿಸಿ ತನ್ನಿ. ಪೋರ್ಚುಗೀಸ್ ಅನುವಾದ ಮಾತ್ರ ಇಲ್ಲಿನ ನೋಂದಾಯಿತ ಅನುವಾದಕರಿಂದಲೇ ಆಗಬೇಕು.

ಬಾಡಿಗೆ

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. ಠೇವಣಿ 3 ತಿಂಗಳ ಬಾಡಿಗೆ ಮೀರುವಂತಿಲ್ಲ. ಬದಲಿಗೆ ಜಾಮೀನುದಾರರನ್ನೋ ವಿಮೆಯನ್ನೋ ಕೇಳಬಹುದು. ಕಟ್ಟಡದ ಮಾಸಿಕ ಶುಲ್ಕ ಕೊಂಡೊಮಿನಿಯೊ, ಮನೆ ತೆರಿಗೆ ಐಪಿಟಿಯು, ಇವೆರಡೂ ಬಾಡಿಗೆಯ ಮೇಲೆ ಬರುತ್ತವೆ. ಕೂಡಿಸಿ ಲೆಕ್ಕ ಹಾಕಿ.

ಕೊಳ್ಳುವುದು

ಪಟ್ಟಣದ ಮನೆ ಕೊಳ್ಳಲು ವಿದೇಶಿಯರಿಗೆ ಅಡ್ಡಿ ಇಲ್ಲ. ಆದರೆ ಅಗ್ರಿಮೆಂಟ್ ಬರೆಸಿಕೊಂಡು, ಜಿಪಿಎ (ಅಧಿಕಾರ ಪತ್ರ) ತಗೊಂಡು, "ರಿಜಿಸ್ಟ್ರೇಷನ್ ಆಮೇಲೆ ನೋಡೋಣ" ಅನ್ನುವ ಊರಿನ ಚಾಳಿಯನ್ನು ದಯವಿಟ್ಟು ವಿಮಾನ ಹತ್ತಿಸಬೇಡಿ.

ಇಲ್ಲಿ ಎರಡು ಹಂತ. ಮೊದಲು ನೋಟರಿಯವರ ಕಚೇರಿ, ಅಂದರೆ ಕಾರ್ತೋರಿಯೊದಲ್ಲಿ ಕ್ರಯಪತ್ರ ಆಗುತ್ತದೆ, ಅದೇ ಎಸ್ಕ್ರಿತೂರಾ. ಅದನ್ನು ಆಸ್ತಿ ನೋಂದಣಿಯ ಕಾರ್ತೋರಿಯೊಗೆ ಒಯ್ದು ಮನೆಯ ನೋಂದಣಿ ದಾಖಲೆಯಾದ ಮತ್ರಿಕುಲಾದಲ್ಲಿ ಬರೆಸಬೇಕು. ಬರೆಸುವ ತನಕ ಕಾನೂನಿನ ಪ್ರಕಾರ ಮನೆ ಮಾರಿದವರದ್ದೇ. ಕೀಲಿ ಸಿಕ್ಕಿತು, ಹಾಲು ಉಕ್ಕಿಸಿದೆವು ಅಂತ ಸುಮ್ನೆ ಕೂತರೆ, ಅವರಿಗೆ ಸಾಲ ಕೊಟ್ಟವರು ನಿಮ್ಮ ಬಾಗಿಲಿಗೆ ಬರಬಹುದು.

ಮುಂಗಡ ಕೊಡುವ ಮೊದಲೇ ಮತ್ರಿಕುಲಾದ ಹೊಸ ಪ್ರತಿ ತೆಗೆಸಿ. ನಮ್ಮ ಇಸಿ (ಋಣಭಾರ ಪತ್ರ) ಇದ್ದ ಹಾಗೆ ಅದು. ಮಾಲೀಕರು, ಅಡಮಾನ, ಜಪ್ತಿ ಎಲ್ಲ ಅದರಲ್ಲಿ ಸಿಗುತ್ತದೆ. ಕೊಂಡೊಮಿನಿಯೊ ಬಾಕಿ ಇಲ್ಲ ಅನ್ನುವ ಪತ್ರವನ್ನೂ ಕೇಳಿ. ಈ ಬಾಕಿ ಮನೆಗೇ ಅಂಟಿಕೊಂಡಿರುತ್ತದೆ, ಹಿಂದಿನವರು ಉಳಿಸಿದ್ದನ್ನೂ ನೀವೇ ತೀರಿಸಬೇಕಾಗುತ್ತದೆ. ಕಟ್ಟಡದ ಹಿಂದಿನ ಸಭೆಗಳ ನಡಾವಳಿ ಓದಿಸಿ. ಉಪ್ಪುಗಾಳಿಗೆ ಹಳೇ ಕಟ್ಟಡಗಳ ಕಬ್ಬಿಣ ತುಕ್ಕು ಹಿಡಿಯುತ್ತದೆ, ರಿಪೇರಿಗೆ ಎಲ್ಲರಿಂದಲೂ ಹೆಚ್ಚುವರಿ ಹಣ ಎತ್ತುತ್ತಾರೆ. ನಮ್ಮ ಬಳಗದ ಒಂದು ಕುಟುಂಬ ಕಡಲು ಕಾಣುವ ಕಿಟಕಿಗೆ ಮರುಳಾಗಿ ಇದನ್ನು ಕೇಳಲೇ ಇಲ್ಲ. ಆ ಕಿಟಕಿಗೆ ವರ್ಷವಿಡೀ ರಿಪೇರಿಯವರ ಪರದೆ ಕಟ್ಟಿತ್ತು, ದುಡ್ಡೂ ಇವರದ್ದೇ.

ವರ್ಗಾವಣೆ ತೆರಿಗೆ ಐಟಿಬಿಐ ರಿಯೊದಲ್ಲಿ ಶೇ. 3. ಕಾರ್ತೋರಿಯೊ ಖರ್ಚು ಬೇರೆ. ದಂಡೆಯ ಪಕ್ಕದ ಮನೆಯಾದರೆ ಇನ್ನೊಂದು ವಿಚಾರಿಸಿ. 1831ರ ಸರಾಸರಿ ಉಬ್ಬರದ ಗೆರೆಯಿಂದ 33 ಮೀಟರ್ ಒಳಗಿನ ನೆಲದ ಮೇಲೆ ಕೇಂದ್ರ ಸರ್ಕಾರಕ್ಕೆ ಹಕ್ಕಿದೆ. ಅಂಥ ಮನೆ ಕೈ ಬದಲಾದಾಗ ನೆಲದ ಬೆಲೆಯ ಶೇ. 5ರಷ್ಟು ಲಾವ್ದೇಮಿಯೊ ಅನ್ನುವ ಶುಲ್ಕವನ್ನು ಆ ಸರ್ಕಾರಕ್ಕೆ ಕಟ್ಟಬೇಕಾಗುತ್ತದೆ. ಕಟ್ಟುವವರು ಯಾರು ಅನ್ನುವುದನ್ನು ಮೊದಲೇ ಬರೆಸಿ.

"ಬೆಲೆ ಕಡಿಮೆ ತೋರಿಸಿ, ಉಳಿದದ್ದು ಕ್ಯಾಶ್" ಅಂತ ಯಾರಾದರೂ ಕಿವಿಯಲ್ಲಿ ಊದಿದರೆ ಎದ್ದು ಬನ್ನಿ. ಊರಿನ ಸೈಟು ಮಾರಿ ತರುವ ಹಣ ಬ್ಯಾಂಕಿನ ಮೂಲಕವೇ ಬರಲಿ. ಭಾರತದಲ್ಲಿರುವವರು ಕಳಿಸಲು ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕಿನ ಯೋಜನೆ) ಮಿತಿ ಆರ್ಥಿಕ ವರ್ಷಕ್ಕೆ, ತಲೆಗೆ 2,50,000 ಡಾಲರ್. ರಸೀದಿಗಳನ್ನು ಜೋಪಾನ ಮಾಡಿ. ಮುಂದೆ ಮಾರಿ ಹಣ ವಾಪಸ್ ಒಯ್ಯುವಾಗ ಬ್ಯಾಂಕಿನವರು ಕೇಳುವುದು ಅವನ್ನೇ.

ಉಳಿದದ್ದು

- ಮಿಕ್ಸಿ ತರಬೇಡಿ. ರಿಯೊದ ಸಾಮಾನ್ಯ ಪ್ಲಗ್‌ನಲ್ಲಿ 127 ವೋಲ್ಟ್, ಚಟ್ನಿ ಆಗದು.
- ದಂಡೆಗೆ ಕರಿಮಣಿ ಸರ, ಚಿನ್ನ, ದುಬಾರಿ ಫೋನ್ ಬೇಡ. ಎಷ್ಟು ಸಲ ಹೇಳುವುದು?
- ಕೆಂಪು ಬಾವುಟ ಇದ್ದರೆ ನೀರಿಗಿಳಿಯಬೇಡಿ, ಸೆಳೆತ ಜೋರು.
- ಹುರುಳಿಕಾಳಿನ ಪಲ್ಯ ಅಂದುಕೊಂಡು ಇಲ್ಲಿನ ಕಾಳಿನ ಅಡುಗೆ ಫೇಜಾಂವ್ ಬಡಿಸಿಕೊಳ್ಳಬೇಡಿ, ಹಂದಿ ಮಾಂಸ ಇರಬಹುದು. ಕೇಳಿ ತಿನ್ನಿ.
- ಬೆಂಡೆಕಾಯಿ, ತೆಂಗಿನಕಾಯಿ ಬೀದಿ ಸಂತೆಯಲ್ಲಿ ಸಿಗುತ್ತವೆ.
- ಭಾರತ ಎಂಟೂವರೆ ಗಂಟೆ ಮುಂದಿದೆ. ಇಲ್ಲಿನ ಸಂಜೆ ಅಮ್ಮನಿಗೆ ಫೋನ್ ಮಾಡಬೇಡಿ.
- ಡಿಸೆಂಬರ್ 31ಕ್ಕೆ ಹೊಸ ವರ್ಷದ ಜನಜಂಗುಳಿಗೆ ರಸ್ತೆಗಳು ಮುಚ್ಚುತ್ತವೆ. ನೆಂಟರು ಮಧ್ಯಾಹ್ನದೊಳಗೆ ಮನೆ ಸೇರಲಿ, ಮೆಟ್ರೊ ಟಿಕೆಟ್ ಮುಂಚೆಯೇ ತೆಗೆದಿಡಿ.