ನೂರು ನಾಣ್ಯದಲ್ಲಿ ಅರ್ಧಾಯುಷ್ಯ

ವಿಕಿರಣದ ಅರ್ಧಾಯುಷ್ಯ, ಅಂದರೆ ವಿಕಿರಣ ಸೂಸುವ ಧಾತುವಿನಲ್ಲಿ ಅರ್ಧ ಪಾಲು ಕರಗಲು ಹಿಡಿಯುವ ಕಾಲ, ಒಂಬತ್ತನೇ ತರಗತಿಯವರಿಗೇ ತಲೆಗೆ ಹತ್ತುವುದಿಲ್ಲ, ಐದನೆಯವರಿಗೆ ಯಾಕೆ ಅಂತ ನಕ್ಕವರು ಟೀಚರುಗಳೇ. ಈಗ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯ ಭಾನುವಾರದ ಕನ್ನಡ ಕ್ಲಾಸಿನ ಐದನೆಯವರು ಐದನೇ ಎಸೆತಕ್ಕೆ ಎಷ್ಟು ನಾಣ್ಯ ಉಳಿಯುತ್ತವೆ ಅಂತ ಮೊದಲೇ ಬರೆದಿಟ್ಟು ಎಸೆಯುತ್ತಾರೆ. ನಾಲ್ಕೈದು ನಾಣ್ಯ ಆಚೀಚೆ, ಅಷ್ಟೇ. ಆಟ ಇಷ್ಟೇ: ನಾಣ್ಯಗಳನ್ನು ಎಸೆದು ಸಿಂಹ ಮೇಲಾದವನ್ನು ಕರಗಿದವು ಅಂತ ಹೊರಗಿಟ್ಟು, ಉಳಿದವನ್ನು ಮತ್ತೆ ಎಸೆಯುವುದು; ಒಂದು ಎಸೆತ ಅಂದರೆ ಒಂದು ಅರ್ಧಾಯುಷ್ಯ. ಅದು ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಮಾತ್ರ ಬರೆಯುತ್ತೇನೆ.

20 ನಾಣ್ಯದಲ್ಲಿ ಮಾಡಿದರೆ ಕೆಟ್ಟಿತು. ಹತ್ತರ ಬದಲು ಏಳೋ ಹದಿಮೂರೋ ಬಿದ್ದರೆ "ಅರ್ಧ ಅಂದ್ರಲ್ಲ ಸರ್?" ಗುಂಪಿಗೆ 100 ಬೇಕೇ ಬೇಕು, ಆಗ ಹೆಚ್ಚಿನ ಸಲ 45ರಿಂದ 55ರೊಳಗೆ ನಿಲ್ಲುತ್ತದೆ. ನಾಲ್ಕು ಗುಂಪಿನ ಲೆಕ್ಕ ಕೂಡಿಸಿದರೆ 400, 200, 100, 50ರ ಗೆರೆ ಗ್ರಾಫ್ ಹಾಳೆಯಲ್ಲಿ ಕಣ್ಣಿಗೆ ಹೊಡೆಯುವಂತೆ ಬರುತ್ತದೆ. ಎಲ್ಲವೂ ಒಂದು ರೂಪಾಯಿಯವೇ ಇರಲಿ. ಉಡುಪಿ ಹೋಟೆಲಿನ ಗಲ್ಲಾದಿಂದ 400 ರೂಪಾಯಿ ಚಿಲ್ಲರೆ ತಂದು ಸಂಜೆ ವಾಪಸ್ ಕೊಟ್ಟರೆ ಖರ್ಚು ಕಳೆದುಹೋದ ಐದಾರು ರೂಪಾಯಿ.

ಕುಲುಕಲು ಅರ್ಧ ಕಿಲೋ ಶ್ರೀಖಂಡದ ಪ್ಲಾಸ್ಟಿಕ್ ಡಬ್ಬಿ. ಸ್ಟೀಲ್ ಡಬ್ಬಿ ಬೇಡ, ಬಿಲ್ಡಿಂಗಿನವರು ಬಾಗಿಲು ತಟ್ಟುತ್ತಾರೆ. ಎರಡು ಮಡಿಕೆ ಹೊದಿಕೆಯ ಮೇಲೆ ಸುರಿಯಬೇಕು, ಟೈಲ್ಸ್ ಮೇಲೆ ಸುರಿದರೆ ಕಾಲು ಭಾಗ ಕಪಾಟಿನ ಕೆಳಗೆ. ಸಿಂಹ ಮೇಲಾದದ್ದು ಹೊರಗೆ, ಅಂಕಿ ಮೇಲಾದದ್ದು ಮತ್ತೆ ಡಬ್ಬಿಗೆ. ತಪ್ಪು ನುಸುಳುವುದೇ ಇಲ್ಲಿ: ಉಳಿದ ನಾಣ್ಯಗಳೆಲ್ಲ ಅಂಕಿ ಮೇಲಾಗಿಯೇ ಇರುತ್ತವೆ, ಮಕ್ಕಳು ಅವನ್ನು ಹಾಗೇ ಬಾಚಿ ಎರಡು ಸಲ ಅಲ್ಲಾಡಿಸಿ ಸುರಿದರೆ ಒಂದರ ಮೇಲೊಂದು ಜಾರಿ ಹಾಗೇ ಬೀಳುತ್ತವೆ. ನೂರಕ್ಕೆ 60-65ರ ಲೆಕ್ಕದಲ್ಲಿ ಉಳಿದರೆ ಕಾರಣ ಇದೇ. ಹತ್ತು ಸಲವಾದರೂ ಕುಲುಕಿಸಿ.

ಹೆಚ್ಚು ಹೊತ್ತು ತಿನ್ನುವುದು ಎರಡು ತಪ್ಪು ಕಲ್ಪನೆ. ಒಂದು, ಮೊದಲ ಸಲ ಅರ್ಧ ಹೋದರೆ ಎರಡನೇ ಸಲ ಉಳಿದರ್ಧ ಖಾಲಿ ಅನ್ನುವುದು. ಎರಡನೇ ಎಸೆತಕ್ಕೆ ಮುಂಚೆ ಊಹೆ ಬರೆಸಿದರೆ ಅದು ತಾನೇ ಬಿದ್ದುಹೋಗುತ್ತದೆ. ಎರಡನೆಯದು ಹಟಮಾರಿ: ಮೂರು ಸಲ ಉಳಿದ ನಾಣ್ಯ ಈ ಸಲ ಹೋಗಲೇಬೇಕು! ಇದಕ್ಕೆ, ಮೂರು ಎಸೆತ ದಾಟಿದವಕ್ಕೆ ಕೆಂಪು ಚುಕ್ಕೆ ಇಡಿಸಿ, ನಾಲ್ಕು ಗುಂಪಿನಿಂದ ಸುಮಾರು 50 ಸಿಗುತ್ತವೆ. ಹೊರಗೆ ಹೋದವುಗಳಿಂದ ಅಷ್ಟೇ ತಂದು ಬೆರೆಸಿ ಎಸೆಯಿರಿ. ಕೆಂಪು, ಬೋಳು ಎರಡೂ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ಹೋಗುತ್ತವೆ. ನಾಣ್ಯಕ್ಕೆ ನೆನಪಿಲ್ಲ ಅಂತ ಮಕ್ಕಳೇ ಹೇಳುತ್ತಾರೆ. ಹೋಟೆಲಿನವರ ದುಡ್ಡು, ನೇಲ್ ಪಾಲಿಶ್ ಬೇಡ, ಒರೆಸಿದರೆ ಹೋಗುವ ಸ್ಕೆಚ್ ಪೆನ್ ಸಾಕು.

ಏಳನೇ ಎಸೆತ ಆದ ಮೇಲೂ 100ರಲ್ಲಿ ಒಂದಾದರೂ ಉಳಿದಿರುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು. ಆ ಕೊನೆಯ ನಾಣ್ಯವನ್ನು ಅವಸರದಲ್ಲಿ ಮುಗಿಸಬೇಡಿ. ಎಸೆಯದೆ ಕೂತಲ್ಲೇ ಲೆಕ್ಕ ಬರೆದ ಗುಂಪು ಯಾವುದು ಅಂತ ಹಾಳೆ ನೋಡಿದರೆ ನನಗೆ ಗೊತ್ತಾಗುತ್ತದೆ. ಹೇಗೆ ಅನ್ನುವುದು ನನ್ನಲ್ಲೇ ಇರಲಿ.

ಮುಂಬಯಿಯ ಅಬ್ದುಲ್ ರೆಹಮಾನ್ ಸ್ಟ್ರೀಟಿನಿಂದ ನೂರು ಲೂಡೋ ದಾಳ ತಂದೆ, ಮುನ್ನೂರು ರೂಪಾಯಿ ಆಸುಪಾಸು. 6 ಬಿದ್ದದ್ದು ಹೊರಗೆ: 100, 83, 69, 58, 48. ನಾಲ್ಕನೇ ಎಸೆತಕ್ಕೆ ಅರ್ಧ. ಬೇರೆ ಧಾತುವಿಗೆ ಬೇರೆ ಅರ್ಧಾಯುಷ್ಯ ಅನ್ನುವುದು ಇಲ್ಲಿ ಬಂದುಬಿಡುತ್ತದೆ. ಚೌಕಾಬಾರಕ್ಕೆ ಉಜ್ಜಿದ ಹುಣಸೆಬೀಜವೂ ನೋಡಿದ್ದಾಯಿತು. ಒಂದೊಂದು ಬೀಜದ ಡೊಂಕು ಒಂದೊಂದು ತರಹ, ಗೆರೆ ಮೊದಲು ಸರ್ರನೆ ಇಳಿದು ಆಮೇಲೆ ಎಳೆಯುತ್ತದೆ. ಬೇರೆ ಬೇರೆ ಧಾತು ಬೆರೆತಾಗ ಆಗುವುದೂ ಅದೇ, ಆದರೆ ಅದು ದೊಡ್ಡ ಮಕ್ಕಳಿಗೆ.

ನಿಜವಾದ ಧಾತುಗಳ ಹೆಸರು ಕೊಡುವುದು ಇಷ್ಟೆಲ್ಲ ಆದಮೇಲೆ. ಥೈರಾಯ್ಡಿಗೆ ಕೊಡುವ ಅಯೋಡಿನ್-131ಕ್ಕೆ ಎಸೆತಕ್ಕೆ 8 ದಿನ, ಕಾರ್ಬನ್-14ಕ್ಕೆ 5,730 ವರ್ಷ. ಹತ್ತು ಎಸೆತಕ್ಕೆ ಸಾವಿರದಲ್ಲೊಂದು ಭಾಗ ಅಂತ ತಾವೇ ಗುಣಿಸಿ, ಸುಮಾರು ಆರು ಕೋಟಿ ವರ್ಷ ಹಳೆಯ ಮುಂಬಯಿಯ ಕಾನ್ಹೇರಿ ಗುಹೆಯ ಕಲ್ಲಿನ ವಯಸ್ಸು ಅಳೆಯಲು ಕಾರ್ಬನ್ ನಡೆಯಲ್ಲ ಅನ್ನುತ್ತಾರೆ. ಅಲ್ಲಿಗೆ ಪೊಟ್ಯಾಸಿಯಂ-40, ಎಸೆತಕ್ಕೆ 125 ಕೋಟಿ ವರ್ಷ. ಅದು ಕರಗುವಾಗ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಆರ್ಗಾನ್, ಉಳಿದದ್ದು ಕ್ಯಾಲ್ಸಿಯಂ. ಇದನ್ನು ತೋರಿಸಲು ಹೊರಹೋದ ನಾಣ್ಯದ ಜಾಗಕ್ಕೆ ಒಂಬತ್ತು ಕಡಲೆಗೆ ಒಂದು ಹುಣಸೆಬೀಜದಂತೆ ಇಡಿಸುತ್ತಿದ್ದೇನೆ. ಸದ್ಯಕ್ಕೆ ಕಡಲೆ ಉಳಿಯುತ್ತಿಲ್ಲ, ತಿಂದುಬಿಡುತ್ತಾರೆ.