ಹಾಡಿನ ಸಾಹಿತ್ಯದಲ್ಲಿರುವ ಹಿಂಸೆಯನ್ನು ಗುರುತಿಸುವ ಬಗೆ

ಜನಪ್ರಿಯ ಹಾಡೊಂದು ಕೌಟುಂಬಿಕ ಹಿಂಸೆಯನ್ನೂ ಲಿಂಗ ಅಸಮಾನತೆಯನ್ನೂ ಹೇಗೆ ಚಿತ್ರಿಸುತ್ತದೆ ಎಂದು ಪರಿಶೀಲಿಸಲು ಹೊರಟವರು ಮೊದಲು ರಾಗವನ್ನು ಬದಿಗಿಟ್ಟು, ಪೂರ್ತಿ ಸಾಹಿತ್ಯವನ್ನು ಬರೆದುಕೊಂಡು, ಗದ್ಯದಂತೆ ಗಟ್ಟಿಯಾಗಿ ಓದಬೇಕು. ಇಂಪಿನಲ್ಲಿ ಮರೆಯಾಗಿದ್ದ ಬೆದರಿಕೆ ಆಗ ಕಿವಿಗೆ ಬೀಳುತ್ತದೆ.

ಮುಂದಿನ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುತ್ತೇನೆ: ಹಾಡಿನಲ್ಲಿ ಮಾತನಾಡುತ್ತಿರುವವರು ಯಾರು? ಹೊಡೆದವರೋ, ಪೆಟ್ಟು ತಿಂದವರೋ, ಅದನ್ನು ಕಂಡವರೋ? 1962ರಲ್ಲಿ ಅಮೆರಿಕದ ‘ದಿ ಕ್ರಿಸ್ಟಲ್ಸ್’ ತಂಡದ ಹೆಸರಿನಲ್ಲಿ ಬಂದ ‘ಹಿ ಹಿಟ್ ಮಿ’ ಹಾಡಿನಲ್ಲಿ ಪೆಟ್ಟು ತಿಂದವಳೇ ಆ ಪೆಟ್ಟು ತನಗೆ ಮುತ್ತಿಟ್ಟಂತಿತ್ತು ಎನ್ನುತ್ತಾಳೆ. ಪ್ರಿಯಕರ ಹೊಡೆಯುವುದು ಪ್ರೀತಿಯಿಂದಲೇ ಎಂದು ಪರಿಚಿತ ಯುವತಿಯೊಬ್ಬಳು ಹೇಳಿದ ಮಾತು ಜೆರ‍್ರಿ ಗಾಫಿನ್ ಮತ್ತು ಕ್ಯಾರೊಲ್ ಕಿಂಗ್ ಅವರನ್ನು ಈ ರಚನೆಗೆ ಪ್ರೇರೇಪಿಸಿತ್ತು. ಹಿಂಸೆಯನ್ನು ಹೊಗಳುವುದು ರಚನಕಾರರ ಉದ್ದೇಶವಾಗಿರಬೇಕಿಲ್ಲ. ಆದರೆ ಅವಳ ಮಾತನ್ನು ಪ್ರಶ್ನಿಸುವ ಇನ್ನೊಂದು ದನಿ ಹಾಡಿನೊಳಗೆ ಇಲ್ಲದಿರುವುದರಿಂದ ಕೇಳುಗರಿಗೆ ಅದು ಸಮರ್ಥನೆಯಾಗಿಯೇ ತಲುಪಬಹುದು. ಇದರ ಪಕ್ಕದಲ್ಲಿ ಟ್ರೇಸಿ ಚಾಪ್ಮನ್ ಅವರ 1988ರ ‘ಬಿಹೈಂಡ್ ದ ವಾಲ್’ ಹಾಡನ್ನಿಟ್ಟು ನೋಡಿ. ಅಲ್ಲಿ ಮಾತನಾಡುವುದು ಗೋಡೆಯಾಚೆಯ ಕಿರುಚಾಟ ಕೇಳಿ ನಿದ್ದೆಗೆಟ್ಟ ನೆರೆಯವರು, ವಾದ್ಯಗಳೇ ಇಲ್ಲ, ಪೊಲೀಸರು ಬಂದರೂ ತಡವಾಗಿಯೇ ಬರುತ್ತಾರೆ. ಮಾತನಾಡುವವರು ಬದಲಾದೊಡನೆ ಹೊಣೆಗಾರಿಕೆಯ ಪ್ರಶ್ನೆ ಮನೆಯ ಹೊರಗೂ ಬರುತ್ತದೆ.

ಅನಂತರ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ‘ಅವನು ಹೊಡೆದ’ ಎಂಬಲ್ಲಿ ಹೊಡೆದವನಿದ್ದಾನೆ. ‘ಪೆಟ್ಟು ಬಿತ್ತು’, ‘ಸಿಟ್ಟು ಮಿತಿಮೀರಿತು’ ಎಂಬಲ್ಲಿ ಅವನು ನುಣುಚಿಕೊಂಡಿದ್ದಾನೆ. ಹೆಣ್ಣು ಏನನ್ನಾದರೂ ಮಾಡುತ್ತಾಳೆಯೇ, ಅಥವಾ ನೋಡಿಸಿಕೊಳ್ಳುವುದು, ಕಾಯುವುದು, ಕ್ಷಮಿಸುವುದು ಮಾತ್ರ ಅವಳ ಪಾಲಿಗಿದೆಯೇ ಎಂಬುದನ್ನೂ ಗುರುತು ಮಾಡಿಕೊಳ್ಳಿ.

ಕೈ ಎತ್ತುವುದಷ್ಟೇ ಹಿಂಸೆಯಲ್ಲ. ‘ದಿ ಪೊಲೀಸ್’ ಎಂಬ ಸಂಗೀತ ತಂಡದ 1983ರ ‘ಎವ್ರಿ ಬ್ರೆತ್ ಯೂ ಟೇಕ್’ ಅನ್ನು ಅನೇಕರು ಪ್ರೇಮಗೀತೆಯೆಂದೇ ಕೇಳುತ್ತಾರೆ. ಅದನ್ನು ಬರೆದ ಸ್ಟಿಂಗ್ ಅವರೇ ಅದರಲ್ಲಿರುವುದು ಅಸೂಯೆ ಮತ್ತು ಕಣ್ಗಾವಲು ಎಂದಿದ್ದಾರೆ. ಹಿಂಬಾಲಿಸುವುದು, ‘ನೀನು ನನ್ನ ಸ್ವತ್ತು’ ಎನ್ನುವುದು, ನಿರಾಕರಣೆಯನ್ನು ಒಪ್ಪಿಗೆಯೆಂದು ತಿಳಿಯುವುದು ಇವೆಲ್ಲವನ್ನೂ ಬೇರೆಯಾಗಿ ಬರೆದುಕೊಳ್ಳಿ.

ಅಸಮಾನತೆಯನ್ನು ಅಳೆಯಲು ಗಂಡಿನ ಮಾತನ್ನು ಹೆಣ್ಣಿನ ಬಾಯಲ್ಲಿಟ್ಟು ಓದುವುದು ಒಳ್ಳೆಯ ಉಪಾಯ. 1965ರಲ್ಲಿ ಓಟಿಸ್ ರೆಡಿಂಗ್ ಹಾಡಿದ ‘ರೆಸ್ಪೆಕ್ಟ್’ನಲ್ಲಿ ಗೌರವ ಕೇಳುವವನು ದುಡಿದು ಮನೆಗೆ ಬರುವ ಗಂಡಸು, 1967ರಲ್ಲಿ ಅರೀತಾ ಫ್ರಾಂಕ್ಲಿನ್ ಹಾಡಿದಾಗ ಅದು ಹೆಣ್ಣಿನ ಹಕ್ಕೊತ್ತಾಯವಾಯಿತು.

ಗುಂಪಿನಲ್ಲಿ ಚರ್ಚಿಸುವುದಾದರೆ ವಿಷಯವನ್ನು ಮೊದಲೇ ತಿಳಿಸಿ. ಇಂಥ ಹಿಂಸೆಯನ್ನು ಸ್ವತಃ ಅನುಭವಿಸಿದವರು ಅಲ್ಲಿರಬಹುದು. ಕಾರಣ ಹೇಳದೆಯೇ ಎದ್ದು ಹೋಗುವ ಅವಕಾಶ ಅವರಿಗಿರಲಿ, ತಮ್ಮ ಅನುಭವವನ್ನು ಹಂಚಿಕೊಳ್ಳುವಂತೆ ಯಾರೂ ಅವರನ್ನು ಒತ್ತಾಯಿಸಬಾರದು.