ಫ್ಲಾಟೋ, ಇಂಡಿಪೆಂಡೆಂಟ್ ಮನೆಯೋ? ಕೊಳ್ಳುವ ಮೊದಲು ತೀರ್ಮಾನಿಸುವುದು ಹೇಗೆ

ಮನೆ ಹುಡುಕಲು ಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವುದು ಒಳ್ಳೆಯದು? ಫ್ಲಾಟಾ, ರೋ ಹೌಸಾ, ಇಂಡಿಪೆಂಡೆಂಟ್ ಮನೆಯಾ, ಇಲ್ಲಾ ಸೈಟ್ ತಗೊಂಡು ಕಟ್ಟಿಸುವುದಾ? ಈ ಪ್ರಶ್ನೆಗೆ ನೇರ ಉತ್ತರ ಇಲ್ಲ. ಫ್ಲಾಟಿನಲ್ಲಿ ಇರುವವರಿಗೆ ಅಂಗಳದ ಆಸೆ, ಅಂಗಳ ಇರುವವರಿಗೆ ಬೀಗ ಹಾಕಿ ನಿಶ್ಚಿಂತೆಯಿಂದ ಊರಿಗೆ ಹೋಗುವ ಆಸೆ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹಾಗೆ.

ನಾನು ಕೇಳುವ ಪ್ರಶ್ನೆ ಬೇರೆ. ಯಾವ ಮನೆಯ ತಾಪತ್ರಯ ನಿಮಗೆ ಒಗ್ಗುತ್ತದೆ? ಪ್ರತಿ ಮನೆಗೂ ಅದರದ್ದೇ ಆದ ಕೆಲಸ, ಖರ್ಚು, ಕಿರಿಕಿರಿ ಇರುತ್ತದೆ. ಅದನ್ನು ಮೊದಲೇ ತಿಳಿದುಕೊಂಡು ಒಪ್ಪಿಕೊಂಡರೆ ಆಮೇಲೆ ಕೊರಗುವುದು ಇರುವುದಿಲ್ಲ.

1. ಮನೆ ನೋಡುವ ಮೊದಲು ನಿಮ್ಮ ದಿನವನ್ನು ಬರೆಯಿರಿ

ಒಂದು ಹಾಳೆ ತಗೊಳ್ಳಿ. ನಿಮ್ಮ ಮನೆಯ ಒಂದು ಮಾಮೂಲಿ ದಿನ ಹೇಗೆ ನಡೆಯುತ್ತದೆ ಅಂತ ಬೆಳಗ್ಗೆಯಿಂದ ರಾತ್ರಿವರೆಗೆ ಬರೆಯಿರಿ. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಒಂದೇ ಸಮಯಕ್ಕೆ ಎಷ್ಟು ಜನಕ್ಕೆ ಬಚ್ಚಲು ಬೇಕು, ಯಾರು ಮನೆಯಿಂದಲೇ ಕೆಲಸ ಮಾಡುತ್ತಾರೆ, ಬಟ್ಟೆ ಎಲ್ಲಿ ಒಣಗುತ್ತದೆ, ಮಕ್ಕಳು ಎಲ್ಲಿ ಆಡುತ್ತಾರೆ.

ಅದರ ಕೆಳಗೆ ಇನ್ನೊಂದು ಪಟ್ಟಿ: ಇನ್ನು 10 ವರ್ಷಕ್ಕೆ ಮನೆಯಲ್ಲಿ ಯಾರ್‍ಯಾರು ಇರುತ್ತಾರೆ, ಅವರ ವಯಸ್ಸು ಆಗ ಎಷ್ಟಾಗಿರುತ್ತದೆ. ಇಂದು 5 ವರ್ಷದ ಮಗು ಆಗ 15ರದ್ದು. 60ರ ಅಪ್ಪ ಆಗ 70ರವರು. ಮನೆಯಲ್ಲಿ ಇರುವ ಎಲ್ಲರನ್ನೂ ಕೂರಿಸಿಕೊಂಡು ಬರೆಯಿರಿ, ಅಡುಗೆ ಮಾಡುವವರನ್ನಂತೂ ಬಿಡಲೇಬೇಡಿ.

2. ಯಾವುದನ್ನು ಕೊಂಡರೆ ನಿಮ್ಮದಾಗುವುದು ಏನು ಅಂತ ತಿಳಿದುಕೊಳ್ಳಿ

ಇದು ಬಹಳ ಜನ ಹಾರಿಸಿಬಿಡುವ ಹೆಜ್ಜೆ.

ಫ್ಲಾಟ್ ಕೊಂಡರೆ ಗೋಡೆಗಳ ಒಳಗಿನ ಜಾಗ ನಿಮ್ಮದು. ಮೆಟ್ಟಿಲು, ಲಿಫ್ಟ್, ತಾರಸಿ, ನೀರಿನ ಟ್ಯಾಂಕ್, ಹೊರಗೋಡೆ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ್ದು. ಹಾಗಾಗಿ ಪಂಪು ಕೆಟ್ಟರೆ ರಾತ್ರಿ ನೀವೊಬ್ಬರೇ ಓಡಾಡಬೇಕಿಲ್ಲ. ಆದರೆ ಹೊರಗೋಡೆಗೆ ಬಣ್ಣ ಬಳಿಯಬೇಕಾದರೂ ಎಲ್ಲರನ್ನೂ ಕೇಳಬೇಕು. ಒಪ್ಪದವರು ಒಬ್ಬರಾದರೂ ಇದ್ದೇ ಇರುತ್ತಾರೆ.

ಇಂಡಿಪೆಂಡೆಂಟ್ ಮನೆಯಲ್ಲಿ ನೆಲವೂ ನಿಮ್ಮದು, ಸೂರೂ ನಿಮ್ಮದು. ಮೇಲೊಂದು ರೂಮು ಕಟ್ಟಬಹುದು, ಗಿಡ ನೆಡಬಹುದು. ಆದರೆ ಚರಂಡಿ ಕಟ್ಟಿಕೊಂಡರೆ, ತಾರಸಿ ಸೋರಿದರೆ ಅದೂ ನಿಮ್ಮದೇ. ಕಾಲ ಕಳೆದ ಹಾಗೆ ಕಟ್ಟಡ ಸವೆಯುತ್ತದೆ, ನೆಲ ಸವೆಯುವುದಿಲ್ಲ. ಜನ ಈ ಮನೆಗೆ ಜಾಸ್ತಿ ಕೊಡಲು ಇದೂ ಒಂದು ಕಾರಣ.

ರೋ ಹೌಸ್ ನಡುವಿನದು. ಸಣ್ಣ ಅಂಗಳ ಸಿಗುತ್ತದೆ, ಆದರೆ ಎರಡು ಪಕ್ಕದ ಗೋಡೆಗಳು ನೆರೆಯವರ ಜೊತೆ ಹಂಚಿಕೊಂಡಂಥವು. ಗಾಳಿ ಬೆಳಕು ಬಹುಪಾಲು ಮುಂದಿನಿಂದ, ಹಿಂದಿನಿಂದ ಮಾತ್ರ. ನಡುವಿನ ರೂಮಿನಲ್ಲಿ ಹಗಲಲ್ಲೂ ದೀಪ ಹಾಕಬೇಕಾಗುತ್ತದಾ ಅಂತ ನೋಡಿ.

ಸೈಟ್ ಕೊಂಡು ಕಟ್ಟಿಸುವುದರಲ್ಲಿ ಮನಸ್ಸಿಗೆ ಬಂದ ಹಾಗೆ ಮನೆ ಸಿಗುತ್ತದೆ. ಅದಕ್ಕೆ ದುಡ್ಡಿನ ಜೊತೆ ನಿಮ್ಮ ಸಮಯ, ತಾಳ್ಮೆ ಎರಡನ್ನೂ ಕೊಡಬೇಕು. ಮನೆ ಕಟ್ಟಿ ನೋಡು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ದಿನಾ ಕೆಲಸದ ಜಾಗಕ್ಕೆ ಹೋಗಿ ನಿಲ್ಲುವವರು ಮನೆಯಲ್ಲಿ ಯಾರೂ ಇಲ್ಲ ಅಂದರೆ ಈ ದಾರಿ ಬೇಡ ಅಂತಲೇ ನನ್ನ ಅಭಿಪ್ರಾಯ.

3. ಬೆಲೆಯ ಜೊತೆ ಮುಂದಿನ ಖರ್ಚನ್ನೂ ಲೆಕ್ಕ ಹಾಕಿ

ಶೇಕಡಾ 8ರ ಬಡ್ಡಿಗೆ, 20 ವರ್ಷದ ಕಂತಿಗೆ ಸಾಲ ತಗೊಂಡರೆ ಪ್ರತಿ 100ಕ್ಕೆ ಸುಮಾರು 200 ವಾಪಸ್ ಕಟ್ಟಿರುತ್ತೀರಿ. ಅಂದರೆ ಸಾಲದಷ್ಟೇ ಬಡ್ಡಿ. ಅದಕ್ಕೇ ದೊಡ್ಡ ಮನೆಗಾಗಿ ತೆಗೆಯುವ ಒಂದಿಷ್ಟು ಜಾಸ್ತಿ ಸಾಲ ಕೊನೆಗೆ ಒಂದಿಷ್ಟಾಗಿ ಉಳಿಯುವುದಿಲ್ಲ.

ರಿಪೇರಿಗೆ ವರ್ಷಕ್ಕೆ ಮನೆಯ ಬೆಲೆಯ ಶೇಕಡಾ 1ರಷ್ಟು ಎತ್ತಿಡಿ ಅನ್ನುವ ಒಂದು ಅಂದಾಜು ಲೆಕ್ಕ ಬಳಕೆಯಲ್ಲಿದೆ. ಕೆಲವು ವರ್ಷ ಅದು ಖರ್ಚಾಗುವುದೇ ಇಲ್ಲ, ಇನ್ನೊಂದು ವರ್ಷ ತಾರಸಿ, ಪೈಪು ಎರಡೂ ಒಟ್ಟಿಗೆ ಕೈಕೊಡುತ್ತವೆ. ಫ್ಲಾಟಿನಲ್ಲಿ ಇದರ ಒಂದು ಪಾಲು ತಿಂಗಳ ಮೇಂಟೆನೆನ್ಸ್ ರೂಪದಲ್ಲಿ ಹೋಗುತ್ತದೆ. ಮೇಂಟೆನೆನ್ಸ್ ಕಡಿಮೆ ಅಂತ ಖುಷಿಪಡುವ ಮೊದಲು ಒಂದು ವಿಷಯ ಕೇಳಿ: ಅಸೋಸಿಯೇಷನ್, ಅಂದರೆ ಫ್ಲಾಟ್ ಮಾಲೀಕರ ಸಂಘದ ಹತ್ತಿರ ದೊಡ್ಡ ರಿಪೇರಿಗೆ ಅಂತ ಕೂಡಿಟ್ಟ ನಿಧಿ ಇದೆಯಾ? ಲಿಫ್ಟ್ ಅನ್ನು ಸುಮಾರು 20–25 ವರ್ಷಕ್ಕೆ ಬದಲಿಸಬೇಕಾಗಿ ಬರುತ್ತದೆ. ನಿಧಿ ಖಾಲಿ ಇದ್ದರೆ ಆ ದಿನ ಪ್ರತಿ ಮನೆಯಿಂದಲೂ ಒಂದೇ ಏಟಿಗೆ ದೊಡ್ಡ ಮೊತ್ತ ಕೇಳುತ್ತಾರೆ. 18 ವರ್ಷ ಹಳೆಯ ಕಟ್ಟಡದಲ್ಲಿ ಅಗ್ಗಕ್ಕೆ ಫ್ಲಾಟ್ ಸಿಕ್ಕರೆ ಈ ಖರ್ಚು ನಿಮ್ಮ ಪಾಲಿಗೇ ಬರಬಹುದು.

4. ಟೇಪು ಹಿಡಿದು ಹೋಗಿ

ಜಾಹೀರಾತಿನ ಚದರ ಅಡಿಯಲ್ಲಿ ಲಾಬಿ, ಮೆಟ್ಟಿಲು, ಗೋಡೆಯ ದಪ್ಪ ಎಲ್ಲವೂ ಸೇರಿರಬಹುದು. ನಿಮಗೆ ಬೇಕಾದ ಅಳತೆ ಕಾರ್ಪೆಟ್ ಏರಿಯಾ, ಅಂದರೆ ನೀವು ಕಾಲಿಟ್ಟು ಓಡಾಡುವ ಜಾಗ. ಎರಡು ಮನೆಗಳೂ 1200 ಚದರ ಅಡಿ ಅಂತಲೇ ಇರಬಹುದು, ಒಂದರ ಒಳಜಾಗ 900, ಇನ್ನೊಂದರದ್ದು 800. ಹೋಲಿಸುವಾಗ ಬೆಲೆಯನ್ನು ಒಳಜಾಗದಿಂದಲೇ ಭಾಗಿಸಿ.

ಈಗ ಮಲಗುವ ಕೋಣೆಗೆ ಬನ್ನಿ. 10 ಅಡಿ ಉದ್ದ, 10 ಅಡಿ ಅಗಲ ಅಂದುಕೊಳ್ಳಿ. ಖಾಲಿ ಇದ್ದಾಗ ಸಾಕಷ್ಟು ದೊಡ್ಡದಾಗೇ ಕಾಣುತ್ತದೆ. ಇಬ್ಬರು ಮಲಗುವ ಮಂಚದ ಉದ್ದ ಸುಮಾರು ಆರೂವರೆ ಅಡಿ. ಎದುರಿನ ಗೋಡೆಗೆ ವಾರ್ಡ್‌ರೋಬ್, ಅದರ ಆಳ 2 ಅಡಿ. ಎರಡೂ ಸೇರಿ ಎಂಟೂವರೆ. ನಡುವೆ ಉಳಿದದ್ದು ಒಂದೂವರೆ ಅಡಿ. ವಾರ್ಡ್‌ರೋಬಿನ ಬಾಗಿಲೇ ಒಂದೂವರೆ ಅಡಿ ಅಗಲ ಇರುತ್ತದೆ. ಬಾಗಿಲು ತೆರೆದರೆ ಮಂಚಕ್ಕೆ ತಗಲುತ್ತದೆ, ನಿಂತು ಬಟ್ಟೆ ತೆಗೆಯಲು ಜಾಗ ಇಲ್ಲ, ಮಂಚದ ಮೇಲೆ ಕೂತೇ ತೆಗೆಯಬೇಕು. ಇಷ್ಟು ಗೊತ್ತಾಗಲು ಐದು ನಿಮಿಷ ಸಾಕು. ನಿಮ್ಮ ಮಂಚ, ಫ್ರಿಜ್, ವಾಷಿಂಗ್ ಮಷೀನ್, ಬೀರು ಇವುಗಳ ಅಳತೆಯನ್ನು ಮೊದಲೇ ಫೋನಿನಲ್ಲಿ ಬರೆದಿಟ್ಟುಕೊಂಡು ಹೋಗಿ. ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ನೋಡಿದರೂ ತಪ್ಪಿಲ್ಲ.

5. ಮೆಟ್ಟಿಲು ಎಣಿಸಿ

ಇದನ್ನು ನಮ್ಮದೇ ಮನೆಯ ಅನುಭವದಿಂದ ಹೇಳುತ್ತೇನೆ. ನಾವು ಡ್ಯೂಪ್ಲೆಕ್ಸ್ ಕೊಂಡೆವು. ಕೆಳಗೆ ಹಾಲ್, ಅಡುಗೆಮನೆ, ಮೇಲೆ ಮೂರು ರೂಮು. ಮರದ ಕೈಹಿಡಿಯ ಮೆಟ್ಟಿಲು ನೋಡಿಯೇ ಮನಸೋತಿದ್ದೆವು. ನಾಲ್ಕನೇ ವರ್ಷ ಅಮ್ಮನಿಗೆ ಮಂಡಿನೋವು ಜೋರಾಯಿತು. ಬೆಳಗ್ಗೆ ಒಮ್ಮೆ ಇಳಿದರೆ ರಾತ್ರಿವರೆಗೂ ಮೇಲೆ ಹೋಗುತ್ತಿರಲಿಲ್ಲ. ಕನ್ನಡಕ ಮೇಲೆ ಬಿಟ್ಟಿದ್ದರೆ ಪೇಪರ್ ಓದುವುದನ್ನೇ ಬಿಡುತ್ತಿದ್ದರು, ಯಾರನ್ನೂ ಕೇಳುತ್ತಿರಲಿಲ್ಲ. ಕೊನೆಗೆ ಅವರ ಮಂಚ ಹಾಲ್‌ಗೆ ಬಂತು. ಮನೆಗೆ ಯಾರಾದರೂ ಬಂದರೆ ಅಮ್ಮ ಎದ್ದು ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮಲಗಿರಲೂ ಆಗದೆ, ಒಳಗೆ ಹೋಗಲೂ ಆಗದೆ. ಕೆಳಗೆ ಒಂದೇ ಒಂದು ಸಣ್ಣ ರೂಮು, ಅದಕ್ಕೊಂದು ಬಚ್ಚಲು ಇದ್ದಿದ್ದರೆ ಅಂತ ಇವತ್ತಿಗೂ ಅನಿಸುತ್ತದೆ.

10 ಅಡಿ ಎತ್ತರದ ಅಂತಸ್ತಿಗೆ 7 ಇಂಚಿನ ಮೆಟ್ಟಿಲಾದರೆ ಸುಮಾರು 17 ಮೆಟ್ಟಿಲು. ದಿನಕ್ಕೆ ಹತ್ತು ಸಲ ಹತ್ತಿ ಇಳಿದರೆ ಹತ್ತುವುದೇ 170. ಡ್ಯೂಪ್ಲೆಕ್ಸ್, ರೋ ಹೌಸ್ ಏನೇ ಇರಲಿ, ಕೆಳಗೆ ಮಲಗುವ ಕೋಣೆ ಮತ್ತು ಬಚ್ಚಲು ಇದ್ದರೆ ಮಾತ್ರ ಮುಂದುವರಿಯಿರಿ. ಬಚ್ಚಲ ಬಾಗಿಲನ್ನೂ ಅಳೆಯಿರಿ. ಗಾಲಿಕುರ್ಚಿ ಒಳಗೆ ಹೋಗಬೇಕಾದರೆ ಸುಮಾರು 32 ಇಂಚಾದರೂ ತೆರೆದ ಜಾಗ ಬೇಕು. ಫ್ಲಾಟ್ ಆದರೆ ಲಿಫ್ಟಿಗೆ ಜನರೇಟರ್ ಸಂಪರ್ಕ ಇದೆಯಾ ಅಂತ ಕೇಳಿ, ಗೇಟಿನಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲಿವೆ ಅಂತಲೂ ನೋಡಿ.

6. ಹೊಸದೋ, ಹಳೆಯದೋ, ಇನ್ನೂ ಕಟ್ಟುತ್ತಿರುವುದೋ

ಕಟ್ಟುತ್ತಿರುವ ಮನೆ ಅಗ್ಗಕ್ಕೆ ಸಿಗಬಹುದು. ಆದರೆ ತಡವಾದಷ್ಟು ದಿನ ಬಾಡಿಗೆ, ಸಾಲದ ಬಡ್ಡಿ ಎರಡನ್ನೂ ಕಟ್ಟುತ್ತೀರಿ. ಒಂದು ವರ್ಷ ತಡವಾದರೂ ತಡೆದುಕೊಳ್ಳುವಷ್ಟು ದುಡ್ಡು ಕೈಯಲ್ಲಿ ಇಲ್ಲದಿದ್ದರೆ ಸಿದ್ಧವಾಗಿರುವ ಮನೆಯನ್ನೇ ನೋಡಿ.

ಹಳೆಯ ಮನೆಯ ಬಗ್ಗೆ ಜನರಿಗೆ ಯಾಕೋ ಹಿಂಜರಿಕೆ. ನನಗೆ ಅದರ ಮೇಲೆ ನಂಬಿಕೆ ಜಾಸ್ತಿ. ಹತ್ತು ಮಳೆಗಾಲ ಕಂಡ ಮನೆಯ ಗುಣದೋಷ ಕಣ್ಣಿಗೆ ಕಾಣುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಪುಡಿ ಇದೆಯಾ ನೋಡಿ. ಗೋಡೆಯೊಳಗೆ ಸೇರಿದ ನೀರು ಉಪ್ಪನ್ನು ಹೊರಗೆ ತಂದು, ತಾನು ಆರಿಹೋಗಿರುತ್ತದೆ. ಬಚ್ಚಲ ಹಿಂಬದಿಯ ಗೋಡೆಯನ್ನು ಅಂಗೈಯಿಂದ ಮುಟ್ಟಿ. ಟೈಲ್ಸನ್ನು ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ಸರಿಯಾಗಿ ಹಿಡಿದಿಲ್ಲ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ ನೀರಿನ ರಭಸ ನೋಡಿ. ಮನೆ ಪೂರ್ತಿ ಹಳೆಯ ಬಣ್ಣ ಇದ್ದು, ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿಬಿಡಿ.

7. ಮೂರು ಸಲ ಹೋಗಿ

ಒಂದು ಸಲ ಮಧ್ಯಾಹ್ನ 3 ಗಂಟೆಗೆ. ಪಶ್ಚಿಮದ ಗೋಡೆಯ ಕಾವು ಆಗಲೇ ಗೊತ್ತಾಗುವುದು. ಬಿಸಿಲಿನ ಊರಾದರೆ ಎಲ್ಲಕ್ಕಿಂತ ಮೇಲಿನ ಅಂತಸ್ತಿನ ಸೂರಿನ ಕಾಂಕ್ರೀಟ್ ಹಗಲೆಲ್ಲ ಬಿಸಿ ಹೀರಿಕೊಂಡು ರಾತ್ರಿ ಒಳಗೆ ಬಿಡುತ್ತದೆ, ಅದು ಮಲಗುವ ಹೊತ್ತಿಗೇ ಕಾಡುವುದು.

ಒಂದು ಸಲ ರಾತ್ರಿ 9ರ ನಂತರ. ಗಾಡಿ ಎಲ್ಲಿ ನಿಲ್ಲುತ್ತವೆ, ಬೀದಿದೀಪ ಉರಿಯುತ್ತವಾ, ಮೇಲಿನ ಮನೆಯವರ ಹೆಜ್ಜೆ ಕೇಳುತ್ತದಾ. ಮಾತಿನ ಸದ್ದಿಗಾದರೆ ಕಿಟಕಿ ಬಾಗಿಲು ಹಾಕಿಕೊಳ್ಳಬಹುದು. ಸ್ಲ್ಯಾಬ್ ಮೂಲಕ ಇಳಿದು ಬರುವ ಕುರ್ಚಿ ಎಳೆದ ಸದ್ದಿಗೆ ಕೆಳಗಿನವರು ಮಾಡುವಂಥದ್ದು ಕಡಿಮೆ. ನಿದ್ದೆ ಸೂಕ್ಷ್ಮ ಇರುವವರು ಫ್ಲಾಟ್ ಕೊಳ್ಳುವುದಾದರೆ ಕೆಳಗಿನ ಅಂತಸ್ತಿನ ಸದ್ದು, ಎಲ್ಲಕ್ಕಿಂತ ಮೇಲಿನ ಅಂತಸ್ತಿನ ಕಾವು, ಎರಡರಲ್ಲಿ ಯಾವುದನ್ನು ತಡೆದುಕೊಳ್ಳಬಹುದು ಅಂತ ತೂಗಿ ನೋಡಬೇಕು.

ಇನ್ನೊಂದು ಸಲ ಜೋರು ಮಳೆ ಬಂದ ಮರುದಿನ. ತಳ ಅಂತಸ್ತಿನ ಪಾರ್ಕಿಂಗಿನಲ್ಲಿ ನೀರು ನಿಂತಿದೆಯಾ, ಸೂರಿನಲ್ಲಿ ಕಂದು ಕಲೆ ಇದೆಯಾ ನೋಡಿ. ಮಳೆಗಾಲ ಬರುವವರೆಗೆ ಕಾಯಲು ಆಗದಿದ್ದರೆ ಪಕ್ಕದ ಮನೆಯವರನ್ನು ಕೇಳಿ. ಮಾರುವವರಿಗಿಂತ ನೆರೆಯವರು ಮನಬಿಚ್ಚಿ ಮಾತಾಡುತ್ತಾರೆ. "ನೀರು ಹೇಗಿದೆ, ಕರೆಂಟ್ ಹೇಗಿದೆ, ಇವರು ಯಾಕೆ ಮಾರುತ್ತಿದ್ದಾರೆ" ಈ ಮೂರು ಸಾಕು. ಫ್ಲಾಟ್ ಆದರೆ ಅಸೋಸಿಯೇಷನ್‌ನ ನಿಯಮ ಓದಲು ಕೇಳಿ. ನಾಯಿ ಸಾಕುವುದು, ಬಾಡಿಗೆಗೆ ಕೊಡುವುದು, ಬಾಲ್ಕನಿಗೆ ಗ್ರಿಲ್ ಹಾಕುವುದು, ಇವಕ್ಕೆಲ್ಲ ನಿಯಮ ಇರಬಹುದು.

8. ಉಳಿದ ಎರಡು ಮನೆ, ಮೊದಲ ಹಾಳೆ

ಇಷ್ಟೊತ್ತಿಗೆ ಪಟ್ಟಿಯಲ್ಲಿ ಎರಡು ಅಥವಾ ಮೂರು ಮನೆ ಉಳಿದಿರುತ್ತವೆ. ಮೊದಲ ದಿನ ಬರೆದ ಹಾಳೆ ತೆಗೆಯಿರಿ. ಆ ದಿನಚರಿಯನ್ನು ಒಂದೊಂದೇ ಮನೆಯೊಳಗೆ ನಡೆಸಿ ನೋಡಿ. ಬೆಳಗ್ಗೆ 7ಕ್ಕೆ ಬಚ್ಚಲ ಮುಂದೆ ಯಾರು ಕಾಯುತ್ತಾರೆ? ಒದ್ದೆ ಬಟ್ಟೆಯ ಬಕೆಟ್ ಎಷ್ಟು ಮೆಟ್ಟಿಲು ಹತ್ತುತ್ತದೆ? ಫೋನ್ ಮೀಟಿಂಗ್ ನಡೆಯುವಾಗ ಕುಕ್ಕರ್ ಕೂಗಿದರೆ ಕೇಳಿಸುತ್ತದಾ? ಎಲ್ಲಿ ದಿನ ಸಲೀಸಾಗಿ ಸಾಗುತ್ತದೋ ಅದರ ಪಕ್ಕ ಗುರುತು ಹಾಕಿ.

ಆಮೇಲೆ ಅದೇ ಮನೆಯ ಮೂರು ತಾಪತ್ರಯಗಳನ್ನು ಎಲ್ಲರ ಮುಂದೆ ಜೋರಾಗಿ ಓದಿ. "ಅಂಗಳ ಇಲ್ಲ. ಮೇಂಟೆನೆನ್ಸ್ ಏರುತ್ತಲೇ ಹೋಗುತ್ತದೆ. ಮೇಲಿನವರ ಹೆಜ್ಜೆ ಕೇಳುತ್ತದೆ." ಕೇಳಿದ ಮೇಲೂ ಎಲ್ಲರೂ "ಪರವಾಗಿಲ್ಲ, ನಡೆಯುತ್ತೆ" ಅಂದರೆ ಕಾಗದಪತ್ರಗಳನ್ನು ವಕೀಲರಿಗೆ ಕೊಡಿ. ಮಾರುವವರು ಸೂಚಿಸಿದ ವಕೀಲರು ಬೇಡ, ನೀವೇ ಹುಡುಕಿಕೊಂಡವರಾಗಿರಲಿ. ಅವರು ಎಲ್ಲ ಸರಿ ಇದೆ ಅಂತ ಬರೆದು ಕೊಡುವವರೆಗೂ ಅಡ್ವಾನ್ಸ್ ಕೊಡಬೇಡಿ, ಎಷ್ಟೇ ಅವಸರ ಮಾಡಿದರೂ.